ಒಳಗೆ ಬಿಟ್ಟ ಬಟ್ಟೆ

ಹೊರಮಾವು, ಬೆಂಗಳೂರು
11 ಆಗಸ್ಟ್ 2024

ಪೂಜ್ಯ ಯಜಮಾನರಿಗೆ,

ರೇವತಿಯ ನಮಸ್ಕಾರಗಳು. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದ ಅರ್ಧವನ್ನು ನೀವೇ ಸೇರಿಸಿಕೊಳ್ಳುತ್ತೀರಿ. ಈ ವಿಷಯದಲ್ಲಿ ಹಾಗಾಗಬಾರದು ಅಂತ ಕಾಗದ ಬರೆಯುತ್ತಿದ್ದೇನೆ. ಕೂತುಕೊಂಡು ಓದಿ.

ಸ್ಕಾಟ್ಲೆಂಡಿನ ಒಂದು ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕುತ್ತಿದ್ದೇನೆ. ಒಂದು ವರ್ಷದ ಎಂ.ಬಿ.ಎ. ನನ್ನ ಮಗಳಿಗಲ್ಲ, ನಿಮ್ಮ ಮೊಮ್ಮಗಳಿಗಲ್ಲ. ನಲವತ್ಮೂರು ವರ್ಷದ ನನಗೇ.

ಹೋದ ಏಪ್ರಿಲ್‌ನಲ್ಲಿ ಇಂದಿರಾನಗರದ ಒಂದು ದೊಡ್ಡ ಶಾಲೆಯವರು ಯೂನಿಫಾರ್ಮ್ ವಿಚಾರಕ್ಕೆ ಕರೆದಿದ್ದರು. ನೀವು ನನಗೆ ವಹಿಸಿದ ಅಂಗಡಿಯ ಪರವಾಗಿ ನಾನೂ ಕಟಿಂಗಿನ ಅಕ್ತರ್ ಭಾಯಿಯೂ ಸ್ಯಾಂಪಲ್ ಹಿಡಿದುಕೊಂಡು ಹೋದೆವು. ಅಲ್ಲಿನ ಆಫೀಸರು ನನ್ನ ತಲೆಯ ಮೇಲಿಂದ ಅಕ್ತರ್ ಭಾಯಿಯನ್ನು ನೋಡಿ "ಓನರ್ ಬರ್ಲಿಲ್ವಾ?" ಅಂದರು. ಅಂಗಡಿ ನಡೆಸೋದೆಲ್ಲ ಈ ಮೇಡಮ್ಮೇ ಅಂತ ಭಾಯಿ ಹೇಳಿದ ಮೇಲೆ ನಾನು ಏನು ಓದಿದ್ದೇನೆ ಅಂತ ಕೇಳಿದರು. ಅಂಚೆ ಮೂಲಕ ಬಿ.ಕಾಂ. ಎಂದೆ. ಸ್ಯಾಂಪಲ್ ಮುಟ್ಟಿಯೂ ನೋಡಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಾಗ ಬಸು ತನ್ನ ಶಾಲಾ ವ್ಯಾನ್ ತೊಳೆಯುತ್ತಿದ್ದವನು ಬಕೆಟ್ ಕೆಳಗಿಟ್ಟು, "ಹಂಗಾದ್ರ ಅವ್ರು ಕೇಳೋದನ್ನೇ ಓದಿಬಿಡು" ಅಂದ. ಅವನು ತಮಾಷೆಗೆ ಹೇಳಿದ್ದು. ನಾನು ಅದನ್ನೇ ಹಿಡಿದುಕೊಂಡೆ.

ಆದರೆ ಆ ಆಫೀಸರು ನೆಪ ಮಾತ್ರ. ಯಜಮಾನರೇ, ನಾನು ಕಾಲೇಜಿನ ಬೆಂಚಿನ ಮೇಲೆ ಒಂದು ದಿನವೂ ಕೂತವಳಲ್ಲ. ಹೊಲಿಗೆ ಯಂತ್ರದ ಪಕ್ಕ ಪುಸ್ತಕ ಇಟ್ಟುಕೊಂಡು ಪಾಸಾದವಳು. ಒಮ್ಮೆ ಕೂರಬೇಕು.

ಇಂದಿರಾನಗರದಲ್ಲಿ ಪ್ರವೇಶ ಪರೀಕ್ಷೆಯ ಕೋಚಿಂಗ್ ಸೇರಿದ್ದೇನೆ. ಮೊದಲ ದಿನ ಕೌಂಟರಿನ ಹುಡುಗಿ "ಮಗನಿಗಾ ಮಗಳಿಗಾ ಆಂಟಿ?" ಅಂತ ಕೇಳಿದಳು. ಜೊತೆಯ ಹುಡುಗರಿಗೂ ನಾನು ಆಂಟಿಯೇ. ಅರ್ಜಿಯಲ್ಲಿ ಹುಟ್ಟಿದ ದಿನ ಜೂನ್ ಒಂದು ಎಂದು ತುಂಬಿದೆ. ನಮ್ಮ ಶಾಲೆಯಲ್ಲಿ ಅರ್ಧ ತರಗತಿ ಅವತ್ತೇ ಹುಟ್ಟಿದ್ದು, ಹೆಡ್‌ಮಾಸ್ಟರ ಕೃಪೆ.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ನನ್ನ ಕೈಯಲ್ಲಿ ಕೆಲಸ ಮಾಡಿಸಿದವರೊಬ್ಬರು ನನ್ನ ಬಗ್ಗೆ ಶಿಫಾರಸು ಬರೆಯಬೇಕು. ಇಪ್ಪತ್ತು ವರ್ಷ ನನ್ನನ್ನು ಆಳಿದವರು ನೀವೊಬ್ಬರೇ. ಬರೆಯುತ್ತೀರಾ?

ನಿಮ್ಮ
ರೇವತಿ


ರೈಲ್ವೆ ಕ್ವಾರ್ಟರ್ಸ್, ಹುಬ್ಬಳ್ಳಿ
20 ಆಗಸ್ಟ್ 2024

ಚಿ. ಸೌ. ರೇವತಿಗೆ ಮುನಿರಾಜಪ್ಪನ ಆಶೀರ್ವಾದಗಳು.

ಕೂತುಕೊಂಡೇ ಓದಿದೆ. ಆಮೇಲೆ ನಿಂತು ಇನ್ನೊಮ್ಮೆ ಓದಿದೆ. ಮಗಳಿಗೆ ತೋರಿಸಿದೆ, ಅಳಿಯ ಕೆಂಪರಾಜ್‌ಗೆ ತೋರಿಸಿದೆ, ಕೆಳಗಿನ ಮನೆಯ ಗಾರ್ಡ್ ಸಾಹೇಬರಿಗೂ ತೋರಿಸಿದೆ. ಹಲಸೂರಿನಲ್ಲಿ ಹುಟ್ಟಿ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲೇ ತಲೆ ನೆರೆಸಿಕೊಂಡ ನಾನು ಸ್ಕಾಟ್ಲೆಂಡ್ ಎಲ್ಲಿದೆ ಅಂತ ಮ್ಯಾಪಿನಲ್ಲಿ ನೋಡಿದೆ. ಬಹಳ ಮೇಲಿದೆ. ಸ್ವೆಟರ್ ಈಗಿನಿಂದಲೇ ನೋಡಿಕೋ.

ಶಿಫಾರಸು ನನಗೆ ಬಿಡು. ಈ ಕೆಲಸದಲ್ಲಿ ನನ್ನಷ್ಟು ಪಳಗಿದವರು ಕಂಟೋನ್ಮೆಂಟಿನಲ್ಲೇ ಇಲ್ಲ. ನಮ್ಮ ಅಂಗಡಿಯ ಹುಡುಗಿಯರಿಗೆ ಸಂಬಂಧ ಬಂದಾಗಲೆಲ್ಲ ಗಂಡಿನ ಕಡೆಯವರು ಬ್ಲೌಸ್ ಪೀಸ್ ಕೊಳ್ಳುವ ನೆಪದಲ್ಲಿ ಬಂದು ವಿಚಾರಿಸುತ್ತಿದ್ದದ್ದು ನನ್ನನ್ನೇ ತಾನೆ? ಸಾಬಿರಾಳ ಅತ್ತೆ ಬಂದದ್ದು ನಿನಗೆ ನೆನಪಿರಬೇಕು. ನಾನು ಒಳ್ಳೆಯ ಮಾತು ಹೇಳಿದ ಯಾವ ಹುಡುಗಿಯ ಸಂಬಂಧವೂ ಮುರಿದು ಬಿದ್ದಿಲ್ಲ.

ಒಂದು ವರ್ಷ ಅಂಗಡಿಯನ್ನು ಯಾರು ನೋಡುತ್ತಾರೆ ಎಂಬುದನ್ನು ನೀನು ಬರೆದಿಲ್ಲ. ನಾನೂ ಕೇಳುವುದಿಲ್ಲ. ಯೋಚಿಸಿಯೇ ಇರುತ್ತೀಯ.

ಇಲ್ಲಿ ಪೇಡ ಚೆನ್ನಾಗಿದೆ, ಮಾತು ಸಾಲದು. ಶಿವಾಜಿನಗರದ ಗದ್ದಲವಿಲ್ಲದೆ ನನಗೆ ನಿದ್ದೆ ಬರುವುದಿಲ್ಲ ಅಂದರೆ ಮಗಳು ನಗುತ್ತಾಳೆ. ಕಿವಿ ಕೇಳದವನಿಗೆ ಯಾವ ಗದ್ದಲ ಅಂತಾಳೆ.

ಮುನಿರಾಜಪ್ಪ


ಹೊರಮಾವು
3 ನವೆಂಬರ್ 2024

ಪೂಜ್ಯ ಯಜಮಾನರಿಗೆ,

ಪರೀಕ್ಷೆ ಮುಗಿಯಿತು. ಅಂಕ ನೋಡಿ ಕೋಚಿಂಗಿನ ಮೇಷ್ಟ್ರು ತಮ್ಮ ಕನ್ನಡಕ ಒರೆಸಿ ಮತ್ತೆ ನೋಡಿದರು. ಆ ಸಲದ ಬ್ಯಾಚಿನಲ್ಲಿ ಮೊದಲನೆಯದಲ್ಲ, ಮೂರನೆಯದು. ಸಾಕು.

ಅದರಲ್ಲಿ ಒಂದು ಬಗೆಯ ಪ್ರಶ್ನೆ ಇರುತ್ತದೆ, ನಿಮಗೆ ಇಷ್ಟವಾಗುತ್ತದೆ. ಉತ್ತರ ಏನು ಅಂತ ಕೇಳುವುದಿಲ್ಲ. ಕೊಟ್ಟಿರುವ ಮಾಹಿತಿಯಿಂದ ಉತ್ತರ ಹುಟ್ಟುತ್ತದೋ ಇಲ್ಲವೋ, ಅಷ್ಟು ಹೇಳಿದರೆ ಸಾಕು. ಹುಡುಗರೆಲ್ಲ ಉತ್ತರವನ್ನೇ ಕಂಡುಹಿಡಿಯಲು ಹೋಗಿ ಹೊತ್ತು ಕಳೆದುಕೊಳ್ಳುತ್ತಾರೆ. ನನಗದು ಗಿರಾಕಿ ತಂದ ತುಂಡು ಬಟ್ಟೆಯನ್ನು ನೋಡಿ ಇದರಲ್ಲಿ ಬ್ಲೌಸ್ ಬರುತ್ತೆ, ಬರಲ್ಲ ಅಂತ ಹೇಳಿದ ಹಾಗಿತ್ತು. ಇಂಗ್ಲಿಷ್ ಭಾಗ ಮಾತ್ರ ನನ್ನನ್ನು ಅಳಿಸಿತು. ಕೋಚಿಂಗ್ ಮುಗಿಸಿ ಮೆಟ್ರೋದಲ್ಲಿ ನಿಂತುಕೊಂಡೇ ಪದ ಉರು ಹೊಡೆಯುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಜಪ ಮಾಡುತ್ತಿದ್ದೇನೆ ಎಂದುಕೊಂಡು ಸೀಟು ಬಿಟ್ಟುಕೊಟ್ಟರು. ಕೂತುಬಿಟ್ಟೆ.

ಈಗ ಸ್ಕೂಲಿನವರು ಕೆಂಪರಾಜ್ ಅವರ ಇ-ಮೇಲಿಗೆ ಒಂದು ಲಿಂಕ್ ಕಳಿಸುತ್ತಾರೆ. ನೀವು ಕನ್ನಡದಲ್ಲಿ ಬರೆದುಕೊಟ್ಟರೆ ಅವರು ಇಂಗ್ಲಿಷಿಗೆ ತಿರುಗಿಸಿ ಹಾಕಲಿ. ಬರೆದದ್ದನ್ನು ನನಗೆ ತೋರಿಸುವ ಹಾಗಿಲ್ಲ, ಅದು ಅವರ ನಿಯಮ. ನಾನೂ ಕೇಳುವುದಿಲ್ಲ.

ಅಂಗಡಿ ವಿಚಾರ ನೀವು ಕೇಳದೆಯೇ ಕೇಳಿದ್ದೀರಿ. ಕಟಿಂಗ್ ಅಕ್ತರ್ ಭಾಯಿ ನೋಡುತ್ತಾರೆ. ಉಳಿದದ್ದಕ್ಕೆ ಪ್ರಿಯದರ್ಶಿನಿ ಎಂಬ ಹುಡುಗಿಯನ್ನು ತಯಾರು ಮಾಡುತ್ತಿದ್ದೇನೆ. ನಮ್ಮ ಯಾದಗಿರಿ ಕಡೆಯವಳೇ, ಕೆ.ಆರ್. ಪುರದಲ್ಲಿ ಬಾಡಿಗೆ ರೂಮು. ಚುರುಕು. ಬಾಯಿ ಸ್ವಲ್ಪ ಜಾಸ್ತಿ.

ರೇವತಿ


ಹುಬ್ಬಳ್ಳಿ
18 ನವೆಂಬರ್ 2024

ಚಿ. ಸೌ. ರೇವತಿಗೆ ಆಶೀರ್ವಾದಗಳು.

ಮೂರನೆಯವಳಾದೆಯಾ? ಉಳಿದ ಇಬ್ಬರು ಯಾರು, ಅವರಿಗೆ ಮನೆಗೆಲಸ ಇತ್ತೇ, ಅಂಗಡಿ ಇತ್ತೇ? ಹಾಗಾದರೆ ನೀನೇ ಮೊದಲು.

ಶಿಫಾರಸು ಹೋಯಿತು. ಮೂರು ದಿನ ಕೂತು ಬರೆದೆ. ಕೆಂಪರಾಜ್ ಇಂಗ್ಲಿಷಿಗೆ ತಿರುಗಿಸುವಾಗ ಒಂದು ಕಡೆ ನಿಲ್ಲಿಸಿ, "ಮಾವ, ಇದನ್ನ ಹಿಂಗೇ ಹಾಕ್ಲಾ?" ಅಂದ. ಹಾಗೇ ಹಾಕು, ಒಂದಕ್ಷರ ಬದಲಿಸಬೇಡ ಎಂದೆ. ಓದಿದವರು ಕಣ್ಣುಮುಚ್ಚಿ ನಿನ್ನನ್ನು ಒಪ್ಪಿಕೊಳ್ಳಬೇಕು, ಹಾಗಿದೆ. ತೋರಿಸಬಾರದು ಎಂದಿದ್ದೀಯಲ್ಲ, ಇಲ್ಲವಾದರೆ ಈ ಕಾಗದದ ಜೊತೆಗೇ ಕಳಿಸುತ್ತಿದ್ದೆ.

ಬಾಯಿ ಜಾಸ್ತಿ ಇರುವವಳ ಕೈಗೆ ಅಂಗಡಿ ಕೊಡುವಾಗ ಹುಷಾರು.

ಮುನಿರಾಜಪ್ಪ


ಹೊರಮಾವು
25 ಜನವರಿ 2025

ಪೂಜ್ಯ ಯಜಮಾನರಿಗೆ,

ಒಳ್ಳೆಯ ಸುದ್ದಿಯಲ್ಲ. ಪೂರ್ತಿ ಕೆಟ್ಟದ್ದೂ ಅಲ್ಲ. ಅವರು ನನ್ನನ್ನು ಬೇಡ ಎಂದಿಲ್ಲ, ಬಾ ಎಂದೂ ಇಲ್ಲ. ಕಾಯುವವರ ಪಟ್ಟಿಯಲ್ಲಿ ಇಟ್ಟಿದ್ದಾರೆ.

ಅವತ್ತು ಅಂಗಡಿಯಲ್ಲಿ ಯಾರಿಗೂ ಹೇಳಲಿಲ್ಲ. ಗುಂಡಿ ಹಾಕುವ ಕೆಲಸ ತೆಗೆದುಕೊಂಡು ಮೂಲೆಯಲ್ಲಿ ಕೂತೆ. ವಯಸ್ಸೇ ಕಾರಣ ಅಂತ ಅಂದುಕೊಂಡೆ. ಅಲ್ಲಿ ಓದುವವರ ಸರಾಸರಿ ವಯಸ್ಸು ಇಪ್ಪತ್ತೊಂಬತ್ತು. ಆ ವಯಸ್ಸಿನಲ್ಲಿ ನಾನು ನಿಮ್ಮ ಹತ್ತಿರ ಕಾಲರ್ ಸರಿಯಿಲ್ಲ ಅಂತ ಬೈಸಿಕೊಳ್ಳುತ್ತಿದ್ದೆ.

ಆದರೆ ಧೈರ್ಯ ಮಾಡಿ ಕೇಳಿದ್ದಕ್ಕೆ ಪ್ರವೇಶ ವಿಭಾಗದ ಹೆಂಗಸೊಬ್ಬರು ವಿಡಿಯೋ ಕರೆ ಮಾಡಿ ಮಾತಾಡಿದರು. ಬಹಳ ಸಭ್ಯರು. ನನ್ನ ವಯಸ್ಸು ಅವರಿಗೆ ತೊಂದರೆಯೇ ಅಲ್ಲವಂತೆ, ಅಷ್ಟು ಅನುಭವ ಇರುವವರು ಬೇಕಂತೆ. ತೊಂದರೆ ಬೇರೆ. ನನ್ನ ಅರ್ಜಿಯಲ್ಲಿ ಇಬ್ಬರು ಹೆಂಗಸರು ಕಾಣುತ್ತಾರಂತೆ. ಅರ್ಜಿಯ ಪ್ರಬಂಧ ಬರೆದವಳು ನಲವತ್ತು ಜನರ ಕೆಲಸ ನಡೆಸಿ ತೀರ್ಮಾನ ತೆಗೆದುಕೊಳ್ಳುವವಳು. ಇನ್ನೊಬ್ಬಳು ಯಾರೋ ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುವವಳು. ಯಾವಳನ್ನು ನಂಬಬೇಕು ಅಂತ ಅವರಿಗೆ ಗೊತ್ತಾಗುತ್ತಿಲ್ಲ. ಏಪ್ರಿಲ್ ಮೊದಲ ವಾರದೊಳಗೆ ಇನ್ನೊಂದು ಶಿಫಾರಸು ಕಳಿಸಲು ಅವಕಾಶವಿದೆ.

ಯಜಮಾನರೇ, ಕೇಳುವುದಿಲ್ಲ ಎಂದಿದ್ದೆ. ಈಗ ಕೇಳುತ್ತಿದ್ದೇನೆ. ನೀವು ಏನು ಬರೆದಿರಿ?

ರೇವತಿ


ಹುಬ್ಬಳ್ಳಿ
2 ಫೆಬ್ರವರಿ 2025

ಚಿ. ಸೌ. ರೇವತಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಆ ಹೆಂಗಸು ಬೇರೆ ಯಾರದೋ ಕಾಗದ ನೋಡಿ ಹೇಳಿರಬೇಕು. ನಾನು ಬರೆದದ್ದು ಇದು, ನೀನೇ ನೋಡು:

"ರೇವತಿಯು ಬಡ ಆದರೆ ಮರ್ಯಾದಸ್ಥ ಕುಟುಂಬದಿಂದ ಬಂದವಳು. ಇಪ್ಪತ್ತು ವರ್ಷದಲ್ಲಿ ನನ್ನ ಮಾತಿಗೆ ಎಂದೂ ಎದುರು ಮಾತಾಡಿದವಳಲ್ಲ. ಹಾಕಿದ ಗೆರೆ ದಾಟಿದವಳಲ್ಲ. ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿ ಹೋಗುವವಳು. ಏರಿದ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಎಲ್ಲರೊಂದಿಗೂ ಹೊಂದಿಕೊಂಡು ಹೋಗುವ ಸ್ವಭಾವ. ಇವಳು ಕಾಲಿಟ್ಟ ಕಡೆ ಒಳ್ಳೆಯದಾಗುತ್ತದೆ. ನಿಮ್ಮ ಸಂಸ್ಥೆಯ ಹೆಸರಿಗೆ ಇವಳಿಂದ ಎಂದೂ ಕಳಂಕ ಬಾರದು."

ಇದಕ್ಕಿಂತ ಒಳ್ಳೆಯ ಮಾತು ಒಬ್ಬ ಹೆಣ್ಣುಮಗಳ ಬಗ್ಗೆ ಹೇಳಲು ಸಾಧ್ಯವೇ? ನನ್ನ ಸ್ವಂತ ಮಗಳ ಬಗ್ಗೆ ನಾನು ಇಷ್ಟು ಹೇಳಿರಲಿಲ್ಲ, ಕೆಂಪರಾಜ್ ಸಾಕ್ಷಿ.

ಅವರಿಗೆ ಬೇಡವಾದರೆ ಬೇಡ ಬಿಡು. ಸ್ಕಾಟ್ಲೆಂಡ್ ಇಲ್ಲದೆ ನಮ್ಮ ಅಂಗಡಿ ಇಷ್ಟು ವರ್ಷ ನಡೆದಿಲ್ಲವೇ? ಇಲ್ಲೇ ಇರು. ಅಂಗಡಿಗೆ ನೀನೇ ಬೇಕು.

ಮುನಿರಾಜಪ್ಪ


ಹೊರಮಾವು
8 ಫೆಬ್ರವರಿ 2025

ಯಜಮಾನರಿಗೆ,

ಎದುರು ಮಾತಾಡಿದವಳಲ್ಲವೇ? ಹಾಕಿದ ಗೆರೆ ದಾಟಿದವಳಲ್ಲವೇ?

2012ರ ಬೇಸಿಗೆ ನಿಮಗೆ ಮರೆತುಹೋಗಿದೆ ಅಂತ ನಾನು ನಂಬುವುದಿಲ್ಲ. ಅವತ್ತು ನಾವಿಬ್ಬರೂ ಕೂಗಾಡಿದ್ದು ಕಮರ್ಷಿಯಲ್ ಸ್ಟ್ರೀಟಿನ ಆ ತುದಿಗೂ ಕೇಳಿಸಿತ್ತು. ನನ್ನ ಪ್ರಬಂಧದ ತುಂಬ ಅದೇ ಕಥೆ ಇದೆ. ನೀವು ಅದು ನಡೆದೇ ಇಲ್ಲ ಎಂದು ಬರೆದು ಕೊಟ್ಟಿದ್ದೀರಿ. ಇಬ್ಬರು ಹೆಂಗಸರು ಕಾಣದೆ ಇನ್ನೇನು ಕಾಣುತ್ತಾರೆ?

"ಇಲ್ಲೇ ಇರು, ಅಂಗಡಿಗೆ ನೀನೇ ಬೇಕು" ಅಂತ ಕೊನೆಗೆ ಬರೆದಿದ್ದೀರಿ. ಆ ಸಾಲನ್ನು ಓದಿದ ಮೇಲೆ ಒಂದು ಯೋಚನೆ ಬಂತು, ಬಂದದ್ದನ್ನು ಮುಚ್ಚಿಡುವುದಿಲ್ಲ. ನಾನು ಹೋಗಬಾರದು ಅಂತಲೇ ಹಾಗೆ ಬರೆದಿರಾ?

ರೇವತಿ


ಹೊರಮಾವು
2 ಮಾರ್ಚ್ 2025

ಪೂಜ್ಯ ಯಜಮಾನರಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ದಿನಾ ಅಂಚೆಯವರನ್ನು ಕೇಳಿ ಕೇಳಿ ಅವರೇ ಈಗ ದೂರದಿಂದ ತಲೆ ಅಲ್ಲಾಡಿಸಿ ಹೋಗುತ್ತಾರೆ. ಆರೋಗ್ಯವಾಗಿದ್ದೀರಿ ಎಂದು ಕೆಂಪರಾಜ್ ಹೇಳಿದರು, "ಮಾತಾಡ್ತಿಲ್ಲ ಅಷ್ಟೆ" ಎಂದರು. ನೀವು ಮಾತು ಬಿಟ್ಟರೆ ಎಷ್ಟು ದಿನ ಬಿಡುತ್ತೀರಿ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೋದ ಕಾಗದದ ದನಿಗೆ ಕ್ಷಮಿಸಿ. ಕೊನೆಯ ಪ್ರಶ್ನೆಯನ್ನು ಕೇಳಬಾರದಿತ್ತು. ಉಳಿದದ್ದನ್ನು ಮಾತ್ರ ನಾನು ವಾಪಸು ತೆಗೆದುಕೊಳ್ಳುವುದಿಲ್ಲ.

ಬೇರೆ ಯಾರಿಂದಲಾದರೂ ಬರೆಸು ಅಂತ ಬಸು ಹೇಳಿದ. ಶಾಲೆಯೊಂದರ ಪ್ರಿನ್ಸಿಪಾಲರು ಒಪ್ಪಿಯೂ ಇದ್ದಾರೆ. ಆದರೆ ಅವರಿಗೆ ಗೊತ್ತಿರುವುದು ನಾನು ಹೊಲಿಸಿಕೊಟ್ಟ ಯೂನಿಫಾರ್ಮು. ನಾನು ಗೊತ್ತಿರುವುದು ನಿಮಗೆ. ಅದಕ್ಕೆ ಅವರಿಗೆ ಇನ್ನೂ ಹೂಂ ಎಂದಿಲ್ಲ.

ಕೈಬಿಟ್ಟುಬಿಡಲೇ ಅಂತ ನಿನ್ನೆ ಅವ್ವನ ಮುಂದೆ ಅಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆಯೇ ಹೇಳಿದಳು: "ನಾನೂ ನಿಮ್ಮಪ್ಪನೂ ಈ ಹೊರಮಾವಿನಾಗ ಇಟ್ಟಂಗಿ ಹೊತ್ತು ಮಂದಿಗಿ ಮನಿ ಕಟ್ಟಿಕೊಟ್ಟೀವಿ. ನೀ ಹಿಂಗ ಕುಂತು ಅಳಲಿ ಅಂತಲ್ಲ. ಆ ಮುನಿರಾಜಪ್ಪಗ ಇನ್ನೊಂದು ಸಲ ಬರಿ. ಆಂವ ಸಿಟ್ಟಿನ ಮನುಷ್ಯಾ, ಕೆಟ್ಟ ಮನುಷ್ಯಾ ಅಲ್ಲ."

ಬರೆದಿದ್ದೇನೆ.

ರೇವತಿ


ಹುಬ್ಬಳ್ಳಿ
14 ಮಾರ್ಚ್ 2025

ರೇವತಿ,

ನಿನ್ನ ತಾಯಿ ಮಾನಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಸಿಟ್ಟಿನ ಮನುಷ್ಯ ಎಂದದ್ದು ಸರಿ.

ನಿನ್ನ ಆ ಪ್ರಶ್ನೆ ನನಗೆ ಬಹಳ ನೋವು ಮಾಡಿತು. ಮಾತು ಬಿಟ್ಟೆ. ನಿನ್ನೊಬ್ಬಳ ಜೊತೆಯಲ್ಲ, ಮನೆಯವರೆಲ್ಲರ ಜೊತೆ. ಕೊನೆಗೆ ಒಂದು ದಿನ ಕೆಂಪರಾಜ್ ನನ್ನೆದುರು ಕೂತು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದ. "ಮಾವ, ಅವತ್ತೇ ಹೇಳ್ಬೇಕು ಅಂತಿದ್ದೆ, ನೀವು ಬಿಡ್ಲಿಲ್ಲ. ನೀವು ಬರ್ದಿರೋದು ಸೊಸೆ ಹುಡುಕೋರಿಗೆ. ಅವರು ಹುಡುಕ್ತಿರೋದು ಯಜಮಾನೀನ."

ಆಗ ಗೊತ್ತಾಯಿತು. ಜನ್ಮವಿಡೀ ಹುಡುಗಿಯರ ಬಗ್ಗೆ ನನ್ನನ್ನು ಕೇಳಿದವರು ಗಂಡಿನ ತಾಯಂದಿರು. ಅವರಿಗೆ ಏನು ಕೇಳಲು ಇಷ್ಟವೋ ಅದನ್ನೇ ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಗಿತ್ತು. ಜಗಳವನ್ನು ಬರೆದರೆ ನಿನ್ನ ಹೆಸರು ಕೆಡುತ್ತದೆ ಅಂತ ಬೇಕೆಂದೇ ಬಿಟ್ಟೆ. ನಿನ್ನನ್ನು ತಡೆಯಲು ಅಲ್ಲ. ಆದರೂ ಒಂದು ಮಾತು ಇದ್ದ ಹಾಗೆ ಹೇಳುತ್ತೇನೆ: ನೀನು ಅಷ್ಟು ದೂರ ಹೋಗುತ್ತೀಯ ಎಂದರೆ ನನಗೆ ಸಂಕಟವಾಗುತ್ತದೆ. ಅದು ಬೇರೆ, ಇದು ಬೇರೆ.

ಈ ಸಲ ಒಂದೇ ಬಾರಿ ಕೂತು ಬರೆದೆ. ಕೆಂಪರಾಜ್ ನಿನ್ನೆ ಕಳಿಸಿಯಾಯಿತು. ನಿಯಮ ಮುರಿದು ನಿನಗೂ ತೋರಿಸುತ್ತಿದ್ದೇನೆ. ಗೆರೆ ದಾಟುವುದನ್ನು ನಿನ್ನಿಂದಲೇ ಕಲಿತದ್ದು.

"ಮಾನ್ಯರೇ, ನಾನು ಮೊದಲು ಕಳಿಸಿದ್ದು ತಪ್ಪು ಕಾಗದ. ರೇವತಿ ನನ್ನ ಮಾತನ್ನು ಮೀರಿದವಳು. ಹೇಗೆ ಮೀರಿದಳು ಅಂತ ಹೇಳುತ್ತೇನೆ.

ನನ್ನದು ಶಾಲಾ ಯೂನಿಫಾರ್ಮ್ ಹೊಲಿಸುವ ಅಂಗಡಿ. ಮಕ್ಕಳು ಬೆಳೆಯುತ್ತಾರೆ, ಪ್ರತಿ ಜೂನ್‌ನಲ್ಲಿ ಹೊಸ ಬಟ್ಟೆ ಬೇಕಾಗುತ್ತದೆ, ಅದೇ ನಮ್ಮ ಅನ್ನ. 2012ರಲ್ಲಿ ನಾನು ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಬಂದಿದ್ದೆ. ಆಗ ರೇವತಿ ಒಂದು ಶಾಲೆಯ ಅಷ್ಟೂ ಹುಡುಗಿಯರ ಲಂಗಕ್ಕೆ ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಿಸಿ ಬಿಟ್ಟಳು. ಮಗು ಬೆಳೆದ ಹಾಗೆ ತಾಯಿ ಆ ಹೊಲಿಗೆ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು. ಒಂದು ವರ್ಷದ ಲಂಗ ಎರಡು ವರ್ಷ ಬರುತ್ತದೆ. ಹಾಗೆ ಮಾಡಬಾರದು ಅಂತ ನಾನು ಹೋಗುವ ಮುಂಚೆ ಕಡ್ಡಿ ಮುರಿದ ಹಾಗೆ ಹೇಳಿದ್ದೆ.

ವಾಪಸು ಬಂದು ನೋಡಿ ಕೂಗಾಡಿದೆ. ಮುಂದಿನ ವರ್ಷ ನಮ್ಮ ಅಂಗಡಿಗೆ ನಿಮ್ಮಪ್ಪ ಬರ್ತಾನಾ ಎಂದೆ. ಅವಳ ತಂದೆ ಭೀಮಾಶಂಕರ ಗಾರೆ ಕೆಲಸದವರು. ಅವಳು ನನ್ನ ಮುಖ ನೋಡಿ ಹೇಳಿದಳು: ನಮ್ಮಪ್ಪನಂಥೋರೇ ಬರ್ತಾರೆ ಯಜಮಾನ್ರೇ, ಎರಡು ವರ್ಷ ಬರುತ್ತೆ ಅಂತ ಗೊತ್ತಾದ್ರೆ ಇನ್ನೊಂದು ಅಂಗಡಿ ಮೆಟ್ಟಿಲು ಹತ್ತಲ್ಲ.

ನಾಳೆಯಿಂದ ಬರಬೇಡ ಎಂದೆ. ಮಾರನೇ ಬೆಳಿಗ್ಗೆ ನನಗಿಂತ ಮುಂಚೆ ಬಂದು ಕೆಲಸಕ್ಕೆ ಕೂತಿದ್ದಳು. ಆ ಸೀಸನ್ ಪೂರ್ತಿ ನಾನು ಅವಳ ಜೊತೆ ಮಾತಾಡಲಿಲ್ಲ. ಎರಡು ಮಾರು ದೂರದಲ್ಲಿ ಕೂತವಳಿಗೆ ನಮ್ಮ ಕಟಿಂಗ್ ಮಾಸ್ಟರ್ ಅಕ್ತರ್ ಮೂಲಕ ಹೇಳಿಸುತ್ತಿದ್ದೆ. ಅವನು ಎರಡು ಕಡೆಯ ಮಾತನ್ನೂ ಹೊತ್ತು ಸಾಕಾಗಿ, ಸಂಬಳ ಡಬಲ್ ಮಾಡಿ ಎಂದಿದ್ದ.

ಮುಂದಿನ ಜೂನ್‌ನಲ್ಲಿ ಆ ಶಾಲೆಯ ತಾಯಂದಿರ ಬಾಯಿಂದ ಕೇಳಿ ಇನ್ನೂ ಐದು ಶಾಲೆಯವರು ಬಂದರು. ಅದಾದ ಮೇಲೆ ಒಳಗೆ ಬಟ್ಟೆ ಬಿಡುವುದು ನಮ್ಮ ಅಂಗಡಿಯ ಹಳೇ ಪದ್ಧತಿ ಅಂತ ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಪದ್ಧತಿ ನನ್ನದಲ್ಲ, ಅವಳದು. ಅವತ್ತು ನಾನು ಸೋತೆ, ಅಂಗಡಿ ಗೆದ್ದಿತು. ನಿಮ್ಮ ಸ್ಕೂಲಿನಲ್ಲಿ ಯಾರಾದರೂ ತಪ್ಪು ಹೇಳಿದರೆ ಇವಳು ಸುಮ್ಮನಿರುವುದಿಲ್ಲ. ಅದಕ್ಕೆ ನೀವು ತಯಾರಿದ್ದರೆ ಕರೆಸಿಕೊಳ್ಳಿ."

ಮುನಿರಾಜಪ್ಪ


ಹೊರಮಾವು
30 ಏಪ್ರಿಲ್ 2025

ಪೂಜ್ಯ ಯಜಮಾನರಿಗೆ,

ಸಿಕ್ಕಿತು.

ಇದೊಂದೇ ಮಾತನ್ನು ಬರೆದು ಕಳಿಸೋಣ ಎಂದುಕೊಂಡೆ. ಆದರೆ ಸಂದರ್ಶನದ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಆ ದಿನ ಬಸು ಬೀದಿಯ ಮಕ್ಕಳನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಐಸ್‌ಕ್ರೀಮ್ ಕೊಡಿಸಲು ಹೋದ, ಗಲಾಟೆ ಇರಬಾರದು ಅಂತ. ಅವ್ವ ಕುಕ್ಕರ್ ಇಡುವುದಿಲ್ಲ ಎಂದು ಮಾತು ಕೊಟ್ಟಳು. ಪರದೆಯ ಮೇಲೆ ಮೂವರಿದ್ದರು. ಅವರಲ್ಲಿ ಹಿರಿಯರೊಬ್ಬರು ನಿಮ್ಮ ಕಾಗದ ಹಿಡಿದುಕೊಂಡೇ ಮಾತು ಶುರು ಮಾಡಿದರು. ಇಂಥ ಶಿಫಾರಸನ್ನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲವಂತೆ.

ಆಮೇಲೆ ಕೇಳಿದರು: ಈಗ ಅಂಗಡಿ ನಡೆಸುವವಳು ನೀನು, ನಿನ್ನ ಕೈಕೆಳಗಿನವರು ಯಾರಾದರೂ ನಿನ್ನ ಮಾತು ಮೀರಿ ಹೀಗೆ ಮಾಡಿದರೆ ಏನು ಮಾಡುತ್ತೀಯ? ನಾನು ಉರು ಹೊಡೆದಿದ್ದ ಉತ್ತರಗಳೆಲ್ಲ ಆ ಕ್ಷಣಕ್ಕೆ ಮಾಯವಾದವು. ಬಾಯಿಗೆ ಬಂದದ್ದನ್ನು ಹೇಳಿದೆ. ಬೈಯುತ್ತೇನೆ, ಆದರೆ ಸೀಸನ್ ಪೂರ್ತಿ ಮಾತು ಬಿಡುವುದಿಲ್ಲ, ಒಂದು ವಾರ ಸಾಕು, ಆ ವಾರದಲ್ಲಿ ಅವಳು ಹೇಳಿದ್ದು ಸರಿಯೋ ಎಂದು ತಾಯಂದಿರನ್ನು ಕೇಳಿ ಬರುತ್ತೇನೆ. ಮೂವರೂ ನಕ್ಕರು. ಕೊನೆಯಲ್ಲಿ ಆ ಹಿರಿಯರು, ಈಗ ಒಬ್ಬಳೇ ಹೆಂಗಸು ಕಾಣುತ್ತಿದ್ದಾಳೆ ಎಂದರು.

ಫಲಿತಾಂಶ ಬಂದಾಗ ನಾನು ಅಂಗಡಿಯಲ್ಲಿದ್ದೆ. ವಿದ್ಯಾರ್ಥಿವೇತನವನ್ನೂ ಕೊಟ್ಟಿದ್ದಾರೆ. ಅಕ್ತರ್ ಭಾಯಿ ಕತ್ತರಿ ಕೆಳಗಿಟ್ಟು, "ಮಾಶಾಲ್ಲಾ ಬೇಟಿ" ಅಂದವರು ಕಣ್ಣು ಒರೆಸಿಕೊಳ್ಳುತ್ತ ಗಲ್ಲಿಯ ಎಲ್ಲ ಅಂಗಡಿಗೂ ಹೇಳಿ ಬಂದರು. ಕೋಚಿಂಗಿನವರು ನನ್ನ ಫೋಟೋವನ್ನು ಬೋರ್ಡಿನ ಮೇಲೆ ಹಾಕಿದ್ದಾರೆ, ಹುಡುಗರ ನಡುವೆ ಕುಂಕುಮ ಇಟ್ಟುಕೊಂಡು ನಾನು. ನನಗೆ ಬಹಳ ಬಹಳ ಸಂತೋಷವಾಗಿದೆ ಯಜಮಾನರೇ.

ಒಂದೇ ಚಿಂತೆ ಪ್ರಿಯದರ್ಶಿನಿಯದು. ಕೆಲಸದಲ್ಲಿ ಚಿನ್ನ. ಆದರೆ ಹುಡುಗಿಯರ ಲಂಗಕ್ಕೂ ಜೇಬು ಇಡಬೇಕು ಅಂತ ನನ್ನ ಜೊತೆ ವಾರದಿಂದ ಜಗಳ. ಅವಳನ್ನು ಒಬ್ಬಳೇ ಹೇಗೆ ಬಿಟ್ಟು ಹೋಗಲಿ?

ರೇವತಿ


ಹುಬ್ಬಳ್ಳಿ
7 ಮೇ 2025

ಶ್ರೀಮತಿ ರೇವತಿಯವರಿಗೆ,

ಇನ್ನು ಮೇಲೆ ಹೀಗೇ ಬರೆಯಬೇಕೇನೋ.

ಇಡೀ ಕ್ವಾರ್ಟರ್ಸಿಗೆ ಪೇಡ ಹಂಚಿದೆ. ಗಾರ್ಡ್ ಸಾಹೇಬರು ಯಾರಿಗೆ ಮದುವೆ ಎಂದರು. ಮದುವೆಯಲ್ಲ, ಅದಕ್ಕಿಂತ ದೊಡ್ಡದು ಎಂದೆ.

ಪ್ರಿಯದರ್ಶಿನಿಯ ಚಿಂತೆ ಬಿಡು. ನಾನು ಬರುತ್ತಿದ್ದೇನೆ. ಬೆನ್ಸನ್ ಟೌನಿನಲ್ಲಿ ತಮ್ಮನ ಮನೆಯ ಹಿಂದಿನ ರೂಮು ಖಾಲಿ ಇದೆ, ಒಂದು ವರ್ಷ ಅಲ್ಲಿರುತ್ತೇನೆ. ಮಗಳು ಬೇಡ ಎಂದಳು, ಕೇಳಿಸಲಿಲ್ಲ ಎಂದೆ. ಗಲ್ಲಾ ಪೆಟ್ಟಿಗೆ ಮುಂದೆ ಕೂರಲು ಕಿವಿ ಬೇಕಾಗಿಲ್ಲ. ಗಿರಾಕಿ ಚೌಕಾಸಿ ಮಾಡಿದರೆ ಕೇಳಿಸದಿರುವುದೇ ಒಳ್ಳೆಯದು.

ಮುನಿರಾಜಪ್ಪ


ಸ್ಕಾಟ್ಲೆಂಡ್
14 ಸೆಪ್ಟೆಂಬರ್ 2025

ಪೂಜ್ಯ ಯಜಮಾನರಿಗೆ,

ಕೂತೆ.

ಮೊದಲ ದಿನ ತರಗತಿಯ ಬಾಗಿಲು ತೆರೆದು ಒಳಗೆ ಹೋದಾಗ ಎಲ್ಲರೂ ಮಾತು ನಿಲ್ಲಿಸಿ ನೇರ ಕೂತರು. ಒಬ್ಬ ಹುಡುಗ ಬೋರ್ಡ್ ಒರೆಸಲು ಎದ್ದ. ನನ್ನನ್ನು ಪ್ರೊಫೆಸರ್ ಎಂದುಕೊಂಡಿದ್ದರು. ನಾನು ಮೇಜಿನವರೆಗೂ ನಡೆದು ಹೋಗಿ, ಒಂದು ಗಳಿಗೆ ನಿಂತು, ಎಲ್ಲರಿಗೂ ನಮಸ್ಕಾರ ಹೇಳಿ, ಮೂರನೇ ಸಾಲಿನಲ್ಲಿ ಜಾಗ ಹುಡುಕಿಕೊಂಡೆ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಇಲ್ಲಿ ಆಂಟಿ ಎನ್ನುವವರಿಲ್ಲ. ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ, ನನಗೇ ಸ್ವಲ್ಪ ಸಂಕೋಚ.

ಬೆಂಚು ಅಂಥ ವಿಶೇಷವೇನಲ್ಲ, ಮಡಚುವ ಕುರ್ಚಿ. ಆದರೂ ಪಾಠ ಮುಗಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಅಪ್ಪನ ನೆನಪಾಯಿತು.

ಚಳಿ ನೀವು ಹೇಳಿದ್ದಕ್ಕಿಂತ ಜಾಸ್ತಿ. ಅಕ್ತರ್ ಭಾಯಿ ಹೊಲಿದುಕೊಟ್ಟ ಕೋಟಿನ ತೋಳಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟಿದ್ದಾರೆ. ಈ ವಯಸ್ಸಿನಲ್ಲಿ ನಾನಿನ್ನೂ ಬೆಳೆಯುತ್ತೇನೆ ಅಂತ ಅವರ ಲೆಕ್ಕವಿರಬೇಕು.

ಅಲ್ಲಿ ಹೇಗಿದೆ? ಆ ಹುಡುಗಿ ನಿಮ್ಮ ಮಾತು ಕೇಳುತ್ತಾಳಾ?

ರೇವತಿ


ಕಮರ್ಷಿಯಲ್ ಸ್ಟ್ರೀಟ್ ಹಿಂಭಾಗ, ಬೆಂಗಳೂರು
5 ಅಕ್ಟೋಬರ್ 2025

ರೇವತಿಗೆ ಆಶೀರ್ವಾದಗಳು.

ಕೇಳುವುದಿಲ್ಲ. ಲಂಗಕ್ಕೆಲ್ಲ ಜೇಬು ಇಟ್ಟಾಯಿತು. ನಾನು ಒಂದು ವಾರ ಮಾತು ಬಿಟ್ಟೆ. ಈಗ ಅದಕ್ಕಿಂತ ಜಾಸ್ತಿ ಬಿಡಬಾರದಲ್ಲ, ನೀನು ಸ್ಕಾಟ್ಲೆಂಡಿನವರ ಮುಂದೆ ಹೇಳಿಬಿಟ್ಟಿದ್ದೀಯ. ಆ ವಾರದಲ್ಲಿ ಅವಳು ಹೇಳಿದ್ದಕ್ಕೆ ಎರಡು ಶಾಲೆಯವರು ಒಪ್ಪಿಕೊಂಡರು.

ಮೊನ್ನೆ ಒಬ್ಬ ಹೆಂಗಸು ಬಂದರು. ಹೊಸಕೋಟೆ ಕಡೆಯವರು. ಬ್ಲೌಸ್ ಪೀಸುಗಳನ್ನು ತಿರುವಿ ಹಾಕುತ್ತ ಒಳಗೆ ಕೆಲಸ ಮಾಡುತ್ತಿದ್ದ ಪ್ರಿಯದರ್ಶಿನಿಯ ಕಡೆಗೇ ನೋಡುತ್ತಿದ್ದರು. ನನಗೆ ಅರ್ಥವಾಯಿತು. ಹತ್ತಿರ ಬಂದು ಗಟ್ಟಿಯಾಗಿ ಕೇಳಿ ಎಂದೆ. ಕೇಳಿದರು: "ನಮ್ ಹುಡುಗನಿಗೆ ನೋಡ್ತಿದೀವಿ ಯಜಮಾನ್ರೇ. ಹುಡುಗಿ ಹೆಂಗೆ? ಹೇಳಿದ್ ಮಾತು ಕೇಳ್ತಾಳಾ?"

ಹಳೆಯ ಮಾತುಗಳೆಲ್ಲ ನಾಲಿಗೆ ತುದಿಯವರೆಗೆ ಬಂದವು. ತಲೆ ತಗ್ಗಿಸಿ ಬರುವವಳು, ತಲೆ ತಗ್ಗಿಸಿ ಹೋಗುವವಳು. ನುಂಗಿಕೊಂಡೆ.

"ಕೇಳಲ್ಲಮ್ಮ," ಎಂದೆ. "ತಪ್ಪಾಗಿದ್ರೆ ಮುಖಕ್ಕೇ ಹೇಳ್ತಾಳೆ. ಹೇಳಿದ್ದು ಮುಕ್ಕಾಲು ಪಾಲು ಸರಿಯಾಗಿರುತ್ತೆ. ಇಂಥವಳನ್ನೇ ಒಬ್ಬಳನ್ನ ಸ್ಕಾಟ್ಲೆಂಡಿನೋರು ಕರೆಸ್ಕೊಂಡ್ಬಿಟ್ರು. ಬೇಕಾದ್ರೆ ಬೇಗ ಹೇಳಿ."

ಆ ತಾಯಿ ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟು ಬಾಗಿಲ ಕಡೆ ನಡೆದರು. ಹೊರಟೇಬಿಟ್ಟರು ಅಂದುಕೊಂಡೆ. ನನ್ನ ಮಾತಿನಿಂದ ಒಂದು ಸಂಬಂಧ ಮುರಿದದ್ದು ಇದೇ ಮೊದಲು ಎಂದುಕೊಳ್ಳುತ್ತಿರುವಾಗ ಬಾಗಿಲಿನಿಂದ ವಾಪಸು ಬಂದು ಕಿವಿಯ ಹತ್ತಿರ ಬಗ್ಗಿದರು.

"ನಮ್ಮನೇಲಿ ಗಂಡಸರಿಗೆ ಮುಖಕ್ಕೇ ಹೇಳೋರು ಒಬ್ರು ಬೇಕಾಗಿತ್ತು, ನನ್ ಕೈಲಂತೂ ಆಗ್ಲಿಲ್ಲ," ಎಂದರು. "ಮುಂದಿನ ವಾರ ಬರ್ತೀವಿ."

ಪ್ರಿಯದರ್ಶಿನಿಗೆ ಹೇಳಿದೆ. ಅವಳು ತಲೆ ಎತ್ತದೆಯೇ, ಮೊದಲು ಹುಡುಗನ ಬಗ್ಗೆ ಅವನ ಯಜಮಾನರು ಏನು ಹೇಳುತ್ತಾರೆ ವಿಚಾರಿಸಿಕೊಂಡು ಬನ್ನಿ ಎಂದಳು. ನಾಳೆ ಬಸು ವ್ಯಾನ್ ತರುತ್ತಾನೆ, ಹೊಸಕೋಟೆಗೆ ಹೋಗಿ ಬರುತ್ತೇನೆ.

ಮುನಿರಾಜಪ್ಪ